ಯಾವ ಲೈಟರ್ ಕೈಕೊಡುವುದಿಲ್ಲ?

— ಚಿಕ್ಕಪ್ಪ, ಡಿಸೆಂಬರ್‌ನಲ್ಲಿ ನಾವು ನಾಲ್ಕು ಜನ ಹಿಮಾಲಯದ ಕೇದಾರಕಂಠಕ್ಕೆ ಚಾರಣ ಹೋಗ್ತಿದ್ದೀವಿ. ಅಡುಗೆಯೂ ನಮ್ಮದೇ. ಟೆಂಟ್, ಮಲಗೋ ಚೀಲ, ಗ್ಯಾಸ್ ಸ್ಟೋವ್ ಎಲ್ಲ ಗೊತ್ತುಮಾಡಿ ಆಯ್ತು. ಲೈಟರ್ ಒಂದು ಉಳಿದಿದೆ. ಜೇಬಿನಲ್ಲಿ ಇಟ್ಟುಕೊಳ್ಳೋಕೆ ನಂಬಬಹುದಾದ್ದು ಯಾವುದು ಹೇಳಿ.

— ನೀನು ಯಾವುದನ್ನ ನೋಡಿಟ್ಟಿದ್ದೀಯ?

— ಜೆಟ್ ಲೈಟರ್. ನೀಲಿ ಉರಿ ಬುಸ್ ಅಂತ ಬರುತ್ತೆ, ಗಾಳಿಗೆ ಜಗ್ಗೋದಿಲ್ಲ. ಅಂಗಡಿಯವರು ಫ್ಯಾನ್ ಎದುರಿಗೆ ಹಿಡಿದು ತೋರಿಸಿದರು. ಆರಲೇ ಇಲ್ಲ.

— ಅಂಗಡಿಯಲ್ಲಿ ಯಾವ ಲೈಟರ್ ತಾನೇ ಹೊತ್ತೋದಿಲ್ಲ? ಅಲ್ಲಿ ಚಳಿ ಇಲ್ಲ, ತೇವ ಇಲ್ಲ, ಮರಗಟ್ಟಿದ ಬೆರಳಿಲ್ಲ. ಲೈಟರ್ ಕೊಳ್ಳುವಾಗ ನಾನು ಕೇಳಿಕೊಳ್ಳೋದು ಎರಡೇ ಪ್ರಶ್ನೆ. ಇದು ಕೆಡೋದು ಹೇಗೆ? ಕೆಟ್ಟ ಮೇಲೆ ನನ್ನ ಕೈಯಲ್ಲಿ ಏನು ಉಳಿಯುತ್ತೆ? ಹೊರಗಡೆ ಒಯ್ಯೋ ಸಾಮಾನು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತೆ. ಅರ್ಧಂಬರ್ಧ ಕೆಟ್ಟಾಗಲೂ ಕೆಲಸಕ್ಕೆ ಬರುವಂಥದ್ದನ್ನ ಆರಿಸಿಕೋಬೇಕು.

— ಹಾಗಾದರೆ ಜೆಟ್ ಲೈಟರ್ ಕೆಡೋದು ಹೇಗೆ?

— ಮೂರು ಕಡೆಯಿಂದ. ಮೊದಲನೆಯದು ಕಿಡಿ. ಅಡುಗೆಮನೆಯ ಗ್ಯಾಸ್ ಲೈಟರ್‌ನಲ್ಲಿ ಇರೋ ಏರ್ಪಾಡೇ ಇದರಲ್ಲೂ ಇರೋದು. ಗುಂಡಿ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಿಗಿದು, ಒಂದು ಸಣ್ಣ ಸುತ್ತಿಗೆ ಸೆರಾಮಿಕ್ ತುಂಡಿಗೆ ಬಡಿಯುತ್ತೆ. ಆ ಪೆಟ್ಟಿಗೆ ಸಾವಿರಾರು ವೋಲ್ಟ್ ಹುಟ್ಟಿ, ತಂತಿಯ ತುದಿಯಿಂದ ಪಕ್ಕದ ಲೋಹಕ್ಕೆ ಕಿಡಿ ಹಾರುತ್ತೆ. ಒತ್ತಡದಿಂದ ವಿದ್ಯುತ್ತು ಹುಟ್ಟೋ ಈ ಗುಣವನ್ನ 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಜಾಣತನದ ಏರ್ಪಾಡು, ಆದರೆ ತೇವಕ್ಕೆ ಸೋಲುತ್ತೆ. ಮಳೆಗಾಲದಲ್ಲಿ ನಿಮ್ಮಮ್ಮ ಟಕ್ ಟಕ್ ಅನ್ನಿಸ್ತಾನೇ ಇದ್ದರೂ ಒಲೆ ಹತ್ತದೇ ಇರೋದನ್ನ ನೋಡಿದ್ದೀಯಲ್ಲ? ತುದಿಯಲ್ಲಿ ತೇವ ಕೂತರೆ ವಿದ್ಯುತ್ತು ಹಾರೋ ಬದಲು ಆ ತೇವದ ಮೇಲೇ ಹರಿದು ಹೋಗುತ್ತೆ. ಸದ್ದು ಬರುತ್ತೆ, ಕಿಡಿ ಬರೋದಿಲ್ಲ.

— ಎರಡನೆಯದು?

— ಎತ್ತರ. ಮಾಮೂಲಿ ಲೈಟರ್‌ನಲ್ಲಿ ಗ್ಯಾಸ್ ಹೊರಗೆ ಬಂದಮೇಲೆ ಸುತ್ತಲಿನ ಗಾಳಿ ಸೇರಿಕೊಂಡು ಹಳದಿಯಾಗಿ ಉರಿಯುತ್ತೆ. ಜೆಟ್‌ನಲ್ಲಿ ಗ್ಯಾಸು, ಗಾಳಿ ಎರಡೂ ಮೊದಲೇ ಒಳಗೆ ಬೆರೆತು ಹೊರಬರಬೇಕು. ಆ ಅಳತೆಯನ್ನ ತಯಾರಿಸಿದವರು ಸಮತಟ್ಟಿನ ಗಾಳಿಗೆ ಹೊಂದಿಸಿರ್ತಾರೆ. ಕೇದಾರಕಂಠದ ತುದಿ ಹತ್ತಿರ ಹತ್ತಿರ 3,800 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರೋದರ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಗ್ಯಾಸ್ ಹೆಚ್ಚಾಗಿ, ಗಾಳಿ ಸಾಲದೆ, ಉರಿ ಹತ್ತಿದ ಹಾಗೆ ಮಾಡಿ ಆರಿಹೋಗುತ್ತೆ. ಮೂರನೆಯದು ಕಸ. ಗ್ಯಾಸ್ ಬರೋ ತೂತು ಸೂಜಿಮೊನೆಗಿಂತ ಸಣ್ಣದು. ಜೇಬಿನ ನೂಲು, ಧೂಳು, ಕಳಪೆ ಗ್ಯಾಸಿನ ಜಿಡ್ಡು, ಇವುಗಳಲ್ಲಿ ಯಾವುದಾದರೂ ಸಾಕು ಅದು ಕಟ್ಟಿಕೊಳ್ಳೋಕೆ. ಈಗ ನನ್ನ ಎರಡನೇ ಪ್ರಶ್ನೆ ಕೇಳು: ಕೆಟ್ಟ ಮೇಲೆ ಏನು ಉಳಿಯುತ್ತೆ?

— ಗುಂಡಿ ಒತ್ತಿದರೆ ಟಕ್ ಅನ್ನೋ ಸದ್ದು.

— ಅಷ್ಟೇ. ಬಿಚ್ಚಿ ನೋಡೋಕಾಗೋದಿಲ್ಲ, ಒರೆಸೋಕಾಗೋದಿಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ, ಒಣ ಗಾಳಿಯಲ್ಲಿ ಅದು ಒಳ್ಳೇ ಸಾಮಾನೇ. ಹಿಮದಲ್ಲಿ ಅದೊಂದನ್ನೇ ನೆಚ್ಚಿಕೊಂಡು ಹೋಗಬೇಡ.

— ಹಾಗಾದರೆ ಪಾನ್ ಅಂಗಡಿಯಲ್ಲಿ ಸಿಗೋ ಚಕ್ರದ ಲೈಟರೇ?

— ಹೌದು, ಚಕ್ರ ಇರೋದು. ಆದರೆ ಒಳ್ಳೆಯದು. ಅದರ ಕಿಡಿ ಹುಟ್ಟೋ ರೀತಿ ನೋಡು. ಹಲ್ಲಿರೋ ಉಕ್ಕಿನ ಚಕ್ರದ ಕೆಳಗೆ ಒಂದು ಸಣ್ಣ ಕಲ್ಲು, ಅದನ್ನ ಮೇಲಕ್ಕೆ ಒತ್ತೋಕೆ ಒಂದು ಸ್ಪ್ರಿಂಗ್. ಕಲ್ಲು ಅಂತ ಕರೀತೀವಿ, ಅದು ಕಬ್ಬಿಣ ಮತ್ತು ಸೀರಿಯಂ ಮೊದಲಾದ ಲೋಹಗಳ ಮಿಶ್ರಣ. ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಕ್ ಅನ್ನೋ ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ 1903ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ. ಚಕ್ರ ತಿರುಗಿದಾಗ ಆ ಮಿಶ್ರಣದ ಪುಡಿ ಉದುರುತ್ತೆ, ಉದುರಿದ ಪುಡಿ ಗಾಳಿ ತಾಗಿದ ಕೂಡಲೇ ತಾನೇ ಉರಿಯುತ್ತೆ. ಇದರಲ್ಲಿ ವಿದ್ಯುತ್ತಿಲ್ಲ, ಹಾಗಾಗಿ ತೇವದ ಮೇಲೆ ಹರಿದುಹೋಗೋ ಮಾತೂ ಇಲ್ಲ.

— ಆದರೆ ನೀರಿಗೆ ಬಿದ್ದ ಚಕ್ರದ ಲೈಟರ್ ಹತ್ತೋದಿಲ್ಲ. ಆಗುಂಬೆ ಕಡೆ ಮಳೆಯಲ್ಲಿ ನಡೆದಾಗ ನಾನೇ ನೋಡಿದ್ದೀನಿ.

— ತಕ್ಷಣ ಹತ್ತೋದಿಲ್ಲ. ನೀರು ಸೇರಿದಾಗ ಚಕ್ರ ಕಲ್ಲಿನ ಮೇಲೆ ಕೆರೆಯೋ ಬದಲು ಜಾರುತ್ತೆ. ಅದಕ್ಕೆ ಮಾಡಬೇಕಾದ್ದು ಹೀಗೆ: ಲೈಟರ್ ತಲೆಕೆಳಗೆ ಹಿಡಿದು ಚೆನ್ನಾಗಿ ಕೊಡವು. ಲೋಹದ ತಲೆಯೊಳಗೆ ಬಲವಾಗಿ ಊದು. ಆಮೇಲೆ ಗುಂಡಿ ಒತ್ತದೆ, ಬರೀ ಚಕ್ರವನ್ನ ಒಣಗಿದ ಬಟ್ಟೆಯ ಮೇಲೆ ಉದ್ದಕ್ಕೆ ಉರುಳಿಸು. ಒಳಗಿನ ಬನಿಯನ್ನಿನ ಅಂಚು ಸಾಮಾನ್ಯವಾಗಿ ಒಣಗಿರುತ್ತೆ, ಅದೇ ಸಾಕು. ಬಟ್ಟೆಯ ಮೇಲೆ ಬೂದು ಬಣ್ಣದ ಗೆರೆ ಬೀಳುತ್ತೆ. ಅದು ಒದ್ದೆಯಾದ ಕಲ್ಲಿನ ಪುಡಿ. ಮತ್ತೆ ಊದು, ಮತ್ತೆ ಉರುಳಿಸು. ಸ್ವಲ್ಪ ಹೊತ್ತು ಮುಚ್ಚಿದ ಅಂಗೈಯಲ್ಲೋ ಕಂಕುಳಲ್ಲೋ ಇಟ್ಟುಕೋ. ಮೊದಲು ಒಂದೆರಡು ಮಂಕು ಕಿಡಿ ಬರುತ್ತೆ, ಆಮೇಲೆ ಪೂರ್ತಿ. ಮಲೆನಾಡಿನ ಆಷಾಢದಲ್ಲಿ ನನಗೆ ಇದು ಕೈಕೊಟ್ಟಿದ್ದಿಲ್ಲ. ಕೆಟ್ಟಿದ್ದನ್ನ ಬರೀ ಕೈಯಲ್ಲಿ ಸರಿಮಾಡಿಕೊಳ್ಳಬಹುದು ಅನ್ನೋದೇ ಅದರ ದೊಡ್ಡ ಗುಣ.

— ಗ್ಯಾಸ್ ಮುಗಿದರೆ?

— ಆಗಲೂ ಕಿಡಿ ಇರುತ್ತೆ. ನಿಮ್ಮ ಹತ್ತಿರ ಇರೋದು ಗ್ಯಾಸ್ ಸ್ಟೋವ್. ಸ್ಟೋವಿನ ತಿರುಪು ಸ್ವಲ್ಪವೇ ಬಿಚ್ಚು, ಖಾಲಿ ಲೈಟರನ್ನ ಬರ್ನರ್ ಅಂಚಿಗೆ ಹಿಡಿದು, ಮುಖ ಹಿಂದಕ್ಕೆ ಇಟ್ಟುಕೊಂಡು ಚಕ್ರ ಉರುಳಿಸು. ಕಿಡಿ ಬಿದ್ದ ಕೂಡಲೇ ಸ್ಟೋವ್ ಹತ್ತಿಕೊಳ್ಳುತ್ತೆ. ಬೆಂಕಿಕಡ್ಡಿ ಮುಗಿದರೆ ಖಾಲಿ ಪೊಟ್ಟಣ ಉಳಿಯುತ್ತೆ, ಚಕ್ರದ ಲೈಟರ್ ಖಾಲಿಯಾದರೆ ಕಿಡಿ ಉಳಿಯುತ್ತೆ.

— ಸ್ಟೋವಿನಲ್ಲೇ ಕಿಡಿ ಹಾರಿಸೋ ಗುಂಡಿ ಇದೆಯಲ್ಲ?

— ಅದೂ ಆ ಸೆರಾಮಿಕ್ ತುಂಡಿನದೇ ಕಿಡಿ. ಎತ್ತರದಲ್ಲಿ, ತೇವದಲ್ಲಿ ಮೊದಲು ಕೈಕೊಡೋದೇ ಅದು. ಆದ್ದರಿಂದ ತಾನೇ ಜೇಬಿನಲ್ಲಿ ಬೇರೆ ಲೈಟರ್ ಬೇಕಾಗಿರೋದು.

— ಚಳಿಯ ವಿಷಯ ಹೇಳಿ. ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತಂತೆ.

— ಲೈಟರ್ ಒಳಗಿನ ದ್ರವ ಬ್ಯೂಟೇನ್. ಅದು ಕುದಿಯೋದು ಮೈನಸ್ 0.5 ಡಿಗ್ರಿಯಲ್ಲಿ. ನಮ್ಮ ಊರಿನ 25 ಡಿಗ್ರಿಯಲ್ಲಿ ಅದಕ್ಕೆ ಆವಿಯಾಗೋ ತವಕ, ಅದಕ್ಕೇ ಗುಂಡಿ ಒತ್ತಿದ ಕೂಡಲೇ ಒತ್ತಡದಲ್ಲಿ ಚಿಮ್ಮುತ್ತೆ. ಚಳಿ ಸೊನ್ನೆಗಿಂತ ಕೆಳಗಿಳಿದರೆ ಒಳಗೆ ದ್ರವ ತುಂಬಿದ್ದರೂ ಹೊರಗೆ ಬರೋಕೆ ಒತ್ತಡ ಇರೋದಿಲ್ಲ. ಒಳ್ಳೇ ಲೈಟರ್‌ಗಳಲ್ಲಿ ಐಸೊಬ್ಯೂಟೇನ್ ಇರುತ್ತೆ. ಅದು ಮೈನಸ್ 11.7ರಲ್ಲಿ ಕುದಿಯೋದರಿಂದ ಇನ್ನಷ್ಟು ಚಳಿ ತಡೆಯುತ್ತೆ. ಎರಡಕ್ಕೂ ಮದ್ದು ಒಂದೇ: ಮೈಬಿಸಿ. ಬ್ಯಾಗಿನ ಹೊರಜೇಬಿನಲ್ಲಿ ಇಡಬೇಡ. ಜಾಕೆಟ್ ಒಳಗಿನ ಜೇಬು, ರಾತ್ರಿ ಮಲಗೋ ಚೀಲದ ಒಳಗೆ ಸಾಕ್ಸಿನಲ್ಲಿ. ಬೆಳಿಗ್ಗೆ ಹೊರಗೆ ತೆಗೆಯೋ ಮೊದಲು ಒಂದೆರಡು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ಹತ್ತುತ್ತೆ.

— ಚಳಿಗೆ ಜಿಪ್ಪೊ ಒಳ್ಳೇದು ಅಂತಾರಲ್ಲ? ಅದು ಬ್ಯೂಟೇನ್ ಅಲ್ಲ.

— ಅಲ್ಲ, ನಾಫ್ತಾ. ಹತ್ತಿಯಲ್ಲಿ ಹೀರಿಕೊಂಡಿರುತ್ತೆ, ಬತ್ತಿಯ ಮೂಲಕ ಏರಿ ಉರಿಯುತ್ತೆ. ಒತ್ತಡದ ಹಂಗಿಲ್ಲ, ಹಾಗಾಗಿ ಬ್ಯೂಟೇನ್ ಹಿಂಜರಿಯೋ ಚಳಿಯಲ್ಲೂ ಹತ್ತುತ್ತೆ. ಜಾರ್ಜ್ ಬ್ಲೇಯ್ಸ್‌ಡೆಲ್ ಅನ್ನೋವರು 1932ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಲ್ಲಿ ಆ ಕಂಪನಿ ಶುರುಮಾಡಿದರು. ಬತ್ತಿಯ ಸುತ್ತ ತೂತುಗಳಿರೋ ಲೋಹದ ಗೂಡು ಇಟ್ಟರು. ಗಾಳಿಯ ಹೊಡೆತ ಅಲ್ಲಿ ಮುರಿಯುತ್ತೆ, ಉರಿಗೆ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತೆ. ಎರಡನೇ ಮಹಾಯುದ್ಧದಲ್ಲಿ ಆ ಕಂಪನಿ ತಯಾರಿಸಿದ್ದೆಲ್ಲ ಅಮೆರಿಕದ ಸೈನ್ಯಕ್ಕೇ ಹೋಯ್ತು. ಕಲ್ಲು, ಬತ್ತಿ, ಹತ್ತಿ ಎಲ್ಲವನ್ನೂ ನಾವೇ ಬದಲಾಯಿಸಬಹುದು, ಒಂದು ಸಲ ಹೊತ್ತಿಸಿ ನೆಲದ ಮೇಲೆ ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತೆ. ಇಷ್ಟೆಲ್ಲ ಒಳ್ಳೇ ಗುಣ ಇರೋ ಸಾಮಾನು ಅದು.

— ಮತ್ತೆ ಅದು ಕೆಡೋದು ಹೇಗೆ?

— ಸುಮ್ಮನೆ ಇಟ್ಟರೂ ಆರಿಹೋಗುತ್ತೆ. ನಾಫ್ತಾ ಮುಚ್ಚಳದ ಸಂದಿನಿಂದ ಆವಿಯಾಗ್ತಾನೇ ಇರುತ್ತೆ, ಒಂದೆರಡು ವಾರಕ್ಕೆ ಒಣಗುತ್ತೆ. ದಿನಾ ಬಳಸೋನಿಗೆ ಅದು ತೊಂದರೆಯಲ್ಲ, ಆಗಾಗ ತುಂಬಿಸ್ತಾನೆ. ಆಪತ್ತಿಗೆ ಅಂತ ಇಟ್ಟುಕೊಂಡವನಿಗೆ ಬೇಕಾದ ದಿನವೇ ಖಾಲಿ. ಹೆಚ್ಚು ತುಂಬಿಸಿ ಜೇಬಿಗೆ ಹಾಕಿದರೆ ಸೋರಿ ತೊಡೆಯ ಚರ್ಮ ಉರಿಯುತ್ತೆ. ಕರಾವಳಿಯ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟರೆ ಕಲ್ಲು ಉಬ್ಬಿ ಪುಡಿಯಾಗಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತೆ. ಹೊರಡೋ ಹಿಂದಿನ ದಿನ ತುಂಬಿಸಿ, ನಾಲ್ಕೈದು ದಿನಕ್ಕೆ ಒಯ್ಯೋದಾದರೆ ಅಡ್ಡಿಯಿಲ್ಲ. ಜೊತೆಗೆ ಸೀಸೆಯಲ್ಲಿ ನಾಫ್ತಾ ಒಯ್ಯಬೇಕು ಅಂದರೆ ಅದೇ ಒಂದು ಹೊರೆ.

— ಚಾರ್ಜ್ ಮಾಡೋ ಪ್ಲಾಸ್ಮಾ ಲೈಟರ್? ಅದಕ್ಕೆ ಗ್ಯಾಸೂ ಬೇಡ, ಬತ್ತಿಯೂ ಬೇಡ.

— ಬ್ಯಾಟರಿ ಬೇಕಲ್ಲ. ಚಳಿಯಲ್ಲಿ ನಿನ್ನ ಫೋನ್ ಬ್ಯಾಟರಿ ಹೇಗೆ ಕುಸಿಯುತ್ತೋ ಇದೂ ಹಾಗೇ. ಇನ್ನೊಂದು, ಎರಡು ತುದಿಗಳ ನಡುವೆ ಹೊಳೆಯೋ ಆ ಗೆರೆ ಕೆಲವೇ ಮಿಲಿಮೀಟರ್ ಉದ್ದ. ಒದ್ದೆ ಕಡ್ಡಿಯನ್ನ, ಪಾತ್ರೆ ಕೆಳಗಿನ ಬರ್ನರನ್ನ ಅದು ಮುಟ್ಟೋದೇ ಇಲ್ಲ. ಉರಿ ಅಂದರೆ ನಾಲಿಗೆ ಚಾಚಬೇಕು, ಸಂದಿಗೊಂದಿಗೆ ಹೋಗಬೇಕು. ದೇವರ ಮನೆಯ ದೀಪಕ್ಕೆ ಪ್ಲಾಸ್ಮಾ ಸಾಕು, ಬೆಟ್ಟಕ್ಕೆ ಸಾಲದು.

— ಚಕ್ರದ ಲೈಟರ್‌ಗಳಲ್ಲೇ ಹತ್ತಾರು ಬಗೆ ಇದೆ. ಹತ್ತು ರೂಪಾಯಿಯದ್ದೂ ಚಕ್ರದ್ದೇ, ನೂರು ರೂಪಾಯಿಯದ್ದೂ ಚಕ್ರದ್ದೇ. ವ್ಯತ್ಯಾಸ ಏನು?

— ಬಾಯಿ, ಮೈ, ಗ್ಯಾಸು. ಕಳಪೆ ಲೈಟರ್‌ನ ಬಾಯಿ ಸೋರುತ್ತೆ; ಬಳಸದೇ ಇದ್ದರೂ ತಿಂಗಳಲ್ಲಿ ಖಾಲಿ. ಮೈ ತೆಳು ಪ್ಲಾಸ್ಟಿಕ್ ಆಗಿದ್ದರೆ ಬಂಡೆಗೆ ಬಿದ್ದಾಗ ಸೀಳುತ್ತೆ. ಐಎಸ್‌ಒ 9994 ಅನ್ನೋ ಸುರಕ್ಷತಾ ಮಾನಕ ಇದೆ, ಭಾರತದಲ್ಲಿ ಬಿಐಎಸ್ ಕೂಡ ಅದನ್ನೇ ಒಪ್ಪಿಕೊಂಡಿದೆ. ಅದರ ಪ್ರಕಾರ 1.5 ಮೀಟರ್ ಎತ್ತರದಿಂದ ಮೂರು ಸಲ ಬೀಳಿಸಬೇಕು, 65 ಡಿಗ್ರಿ ಬಿಸಿಯಲ್ಲಿ ನಾಲ್ಕು ಗಂಟೆ ಇಡಬೇಕು. ಒಡೀಬಾರದು, ತಾನಾಗಿ ಹೊತ್ತಬಾರದು. ಗುರುತು ಇಲ್ಲದ, ತಯಾರಿಸಿದವರ ಹೆಸರಿಲ್ಲದ ಲೈಟರ್ ಈ ಪರೀಕ್ಷೆ ಕಂಡಿದೆ ಅನ್ನೋಕೆ ಆಧಾರವೇ ಇಲ್ಲ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ₹20ಕ್ಕಿಂತ ಕಡಿಮೆ ಬೆಲೆಯ ಸಿಗರೇಟ್ ಲೈಟರ್‌ಗಳ ಆಮದನ್ನ ನಿಷೇಧಿಸಿತು. ಶಿವಕಾಶಿ, ಕೋವಿಲ್‌ಪಟ್ಟಿ, ಸಾತೂರಿನ ಬೆಂಕಿಪೊಟ್ಟಣದ ಕೆಲಸದವರ ಹೊಟ್ಟೆಪಾಡು ಅದರ ಹಿಂದಿನ ಕಾರಣ. ಬೆಟ್ಟ ಹತ್ತೋರಿಗೂ ಅದರಿಂದ ಒಳ್ಳೇದೇ ಆಯ್ತು ಅನ್ನೋದು ನನ್ನ ಮಾತು. ಆ ಬೆಲೆಯ ಲೈಟರನ್ನ ನೆಚ್ಚಿಕೊಂಡು ಹಿಮಕ್ಕೆ ಯಾರೂ ಹೋಗಬಾರದು.

— ನೀವು ಹೆಸರು ಹಿಡಿದು ಹೇಳೋದಾದರೆ?

— ಎರಡು. ಒಂದು ಫ್ರಾನ್ಸಿನ ಬಿಕ್, 1973ರಿಂದ ಬರ್ತಿದೆ. ಗಟ್ಟಿ ಮೈ, ಐಸೊಬ್ಯೂಟೇನ್. ದೊಡ್ಡದು 3,000 ಸಲದವರೆಗೂ ಹೊತ್ತುತ್ತೆ ಅನ್ನೋದು ಕಂಪನಿಯ ಮಾತು. ಇನ್ನೊಂದು ಸ್ಪೇನಿನ ಕ್ಲಿಪ್ಪರ್, 1972ರದ್ದು. ಅದರಲ್ಲಿ ಚಕ್ರ, ಕಲ್ಲು ಇರೋ ಕೊಳವೆಯನ್ನ ಹಾಗೇ ಮೇಲಕ್ಕೆ ಎಳೆದು ತೆಗೀಬಹುದು. ಒದ್ದೆಯಾದರೆ ಹೊರಗೆ ತೆಗೆದು ಒರೆಸಿ ಒಣಗಿಸು, ಕಲ್ಲು ಸವೆದರೆ ಬದಲಾಯಿಸು, ಗ್ಯಾಸ್ ಮುಗಿದರೆ ತುಂಬಿಸು. ಮೊದಲನೆಯದು ಕೆಡೋದೇ ಅಪರೂಪ, ಎರಡನೆಯದು ಕೆಟ್ಟರೆ ರಿಪೇರಿ ಸುಲಭ. ನನ್ನ ಓಟು ಎರಡಕ್ಕೂ ಇದೆ. ನಿನ್ನ ಪ್ರವಾಸಕ್ಕೆ ಮೊದಲನೆಯದು, ವರ್ಷವಿಡೀ ಘಟ್ಟ ಸುತ್ತೋಕೆ ಎರಡನೆಯದು.

— ಕೊಳ್ಳುವಾಗ ನೋಡಬೇಕಾದ್ದು?

— ಮೈ ಪಾರದರ್ಶಕವಾಗಿದ್ದರೆ ಬೆಳಕಿಗೆ ಹಿಡಿದು ಗ್ಯಾಸ್ ಎಷ್ಟಿದೆ ನೋಡು. ಗುಂಡಿ ಒತ್ತದೆ ಬರೀ ಚಕ್ರ ಉರುಳಿಸು. ಕಿಡಿ ಒಂದೇ ಕಡೆ ಗೊಂಚಲಾಗಿ ಬೀಳಬೇಕು. ಆಮೇಲೆ ಚಕ್ರ ಮುಟ್ಟದೆ ಗುಂಡಿ ಒತ್ತಿ ಕಿವಿ ಹತ್ತಿರ ಹಿಡಿ. ಸಣ್ಣಗೆ ಒಂದೇ ಸಮ ಸದ್ದು ಬರಬೇಕು, ಬೆರಳು ತೆಗೆದ ಕೂಡಲೇ ನಿಲ್ಲಬೇಕು. ಕೊನೆಗೆ ಹೊತ್ತಿಸಿ, ಬೆರಳು ಬಿಟ್ಟು ನೋಡು. ಬಿಟ್ಟ ತಕ್ಷಣ ಉರಿ ಸಾಯಬೇಕು. ಕೈಗವಸು ಹಾಕಿಕೊಂಡು ಒಂದು ಸಲ ಪ್ರಯತ್ನಿಸು. ಕೆಲವು ಲೈಟರ್‌ಗೆ ಮಕ್ಕಳು ಹೊತ್ತಿಸಬಾರದು ಅಂತ ಚಕ್ರದ ಮೇಲೆ ಲೋಹದ ಪಟ್ಟಿ ಇರುತ್ತೆ. ಮನೆಯಲ್ಲಿ ಮಕ್ಕಳಿದ್ದರೆ ಅದು ಇರಲೇಬೇಕು. ಮರಗಟ್ಟಿದ ಹೆಬ್ಬೆರಳಿಗೆ ಅದು ಎಷ್ಟು ಬಿಗಿ ಅನ್ನೋದನ್ನ ಮಾತ್ರ ಅಂಗಡಿಯಲ್ಲೇ ತಿಳ್ಕೋ.

— ಬ್ಯಾಗಿನಲ್ಲಿ ಒತ್ತಿಕೊಂಡು ಗ್ಯಾಸೆಲ್ಲ ಹೋಗಿಬಿಟ್ಟರೆ?

— ಸೈಕಲ್ ಟ್ಯೂಬಿನ ಎರಡು ಬೆರಳಗಲದ ಬಳೆ ಕತ್ತರಿಸಿ ಲೈಟರ್ ಮೈಗೆ ಏರಿಸು. ಒಯ್ಯುವಾಗ ಅದನ್ನ ಮೇಲಕ್ಕೆ ಸರಿಸಿ ಗುಂಡಿಯ ಕೆಳಗೆ ಸಿಗಿಸಿದರೆ ಗುಂಡಿ ಕೆಳಗಿಳಿಯೋದಿಲ್ಲ. ಒದ್ದೆ ಕೈಗೆ ಹಿಡಿತ ಸಿಗುತ್ತೆ. ಆಪತ್ತಿನಲ್ಲಿ ಆ ರಬ್ಬರಿನ ಚೂರೇ ಮಳೆಯಲ್ಲೂ ಉರಿಯುತ್ತೆ. ಜೊತೆಗೆ ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಕರ್ಪೂರ ಇಟ್ಟುಕೋ. ಬಿಟ್ಟರೆ ತಾನಾಗಿ ಕರಗಿಹೋಗುತ್ತೆ, ಮುಚ್ಚಿಟ್ಟರೆ ಬಿಲ್ಲೆ ಬಿಲ್ಲೆಯೂ ಉರಿಗೆ ಆಧಾರ. ಲೈಟರನ್ನ ಹತ್ತು ಸೆಕೆಂಡಿಗಿಂತ ಹೆಚ್ಚು ಉರಿಸಿ ಹಿಡೀಬೇಡ, ತಲೆ ಕಾದು ಪ್ಲಾಸ್ಟಿಕ್ ಮೆತ್ತಗಾಗುತ್ತೆ. ಉರಿಯನ್ನ ಬೇಗ ಕರ್ಪೂರಕ್ಕೆ ದಾಟಿಸು, ಮಿಕ್ಕ ಕೆಲಸ ಕರ್ಪೂರದ್ದು. ಬಿಸಿಲಲ್ಲಿ ನಿಂತ ಕಾರಿನ ಗಾಜಿನ ಕೆಳಗಂತೂ ಲೈಟರ್ ಇಡಲೇಬಾರದು, ಒಡೆಯುತ್ತೆ.

— ಇದನ್ನೆಲ್ಲ ಬೆಂಗಳೂರಲ್ಲೇ ತಯಾರು ಮಾಡಿಕೊಂಡು ಡೆಹ್ರಾಡೂನಿಗೆ ವಿಮಾನದಲ್ಲಿ ಹೋಗ್ತೀವಿ.

— ಟ್ಯೂಬಿನ ಬಳೆ ಒಯ್ಯಿ. ಲೈಟರ್, ಬೆಂಕಿಪೊಟ್ಟಣ, ಕರ್ಪೂರ, ಗ್ಯಾಸ್ ಡಬ್ಬಿ ಬೇಡ. ನಮ್ಮ ದೇಶದ ವಿಮಾನಗಳಲ್ಲಿ ಲೈಟರನ್ನ ಕೈಚೀಲದಲ್ಲೂ ಬಿಡೋದಿಲ್ಲ, ಸಾಮಾನಿನ ಪೆಟ್ಟಿಗೆಯಲ್ಲೂ ಬಿಡೋದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಇಲ್ಲಿ ಕೊಂಡದ್ದನ್ನ ತಪಾಸಣೆಯಲ್ಲಿ ಕಸದ ಬುಟ್ಟಿಗೆ ಹಾಕಿ ಹೋಗಬೇಕಾಗುತ್ತೆ. ಎಲ್ಲ ಊರಲ್ಲೂ ಸಿಗುವಂಥ ಮಾಮೂಲಿ ಲೈಟರೇ ಮೇಲು ಅನ್ನೋಕೆ ಇದೂ ಒಂದು ಕಾರಣ. ಡೆಹ್ರಾಡೂನಿನಲ್ಲಿ ಕೊಂಡು, ಈಗ ಹೇಳಿದ ಹಾಗೆ ಎಲ್ಲ ಪರೀಕ್ಷೆ ಮಾಡಿ, ಚಾರಣ ಶುರುವಾಗೋ ಸಾಂಕ್ರಿಗೆ ಹೊರಡಿ.

— ಎಷ್ಟು ಕೊಳ್ಳಲಿ?

— ಕೊನೇಪಕ್ಷ ಎರಡು, ಇಬ್ಬರ ಜೇಬಿನಲ್ಲಿ. ಒಂದೇ ಬ್ಯಾಗಿನಲ್ಲಿ ಎರಡೂ ಇದ್ದರೆ ಆ ಬ್ಯಾಗ್ ಹೊಳೆಗೆ ಬಿದ್ದಾಗ ಎರಡೂ ಹೋದವು ಅಂತಲೇ ಲೆಕ್ಕ. ಇದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದ ಬೆಂಕಿಪೊಟ್ಟಣ ಒಂದು, ಮೂರನೆಯದಾಗಿ. ಲೈಟರ್ ಕೆಡೋ ಕಾರಣವೇ ಬೇರೆ, ಕಡ್ಡಿ ಕೆಡೋ ಕಾರಣವೇ ಬೇರೆ. ಎರಡೂ ಒಟ್ಟಿಗೆ ಕೆಡೋದು ಕಷ್ಟ.

— ರಾತ್ರಿ ಕ್ಯಾಂಪ್‌ಫೈರ್‌ಗೂ ಆಗುತ್ತೆ ಅಂತ ಗೆಳೆಯರು ಉತ್ಸಾಹದಲ್ಲಿದ್ದಾರೆ.

— ಅದಕ್ಕೆ ಮಾತ್ರ ನಾನು ಒಪ್ಪೋದಿಲ್ಲ, ಪುಟ್ಟಾ. ನೀವು ಹೋಗ್ತಿರೋದು ಗೋವಿಂದ ವನ್ಯಜೀವಿ ಧಾಮದೊಳಕ್ಕೆ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸೋದನ್ನೂ, ಉರಿಯೋ ಬೆಂಕಿ ಬಿಟ್ಟು ಬರೋದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತೆ. ಕಾನೂನು ಬದಿಗಿರಲಿ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚಿಗೆ ಸಿಕ್ಕಿ ಚಾರಣಕ್ಕೆ ಹೋದ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯ್ತು. ಓಡಲಾರದ ಮರಿಗಳು, ಗೂಡಿನ ಮೊಟ್ಟೆಗಳು, ಹುತ್ತ, ಬೀಜ, ಇದರ ಲೆಕ್ಕ ಹಿಡಿದವರು ಯಾರು? ಒಣಗಿದ ಹುಲ್ಲಿಗೆ ಕ್ಯಾಂಪ್‌ಫೈರಿನ ಬೂದಿಯಲ್ಲಿ ಉಳಿದ ಒಂದು ಕೆಂಡ ಸಾಕು.

— ಹಾಗಿದ್ದರೆ ಲೈಟರ್ ಸ್ಟೋವಿಗೆ ಮಾತ್ರ?

— ಸ್ಟೋವಿಗೆ, ಮತ್ತೆ ಜೀವಕ್ಕೆ ಬಂದಾಗ. ಯಾರಾದರೂ ಹಿಮದಲ್ಲಿ ಒದ್ದೆಯಾಗಿ ನಡುಗ್ತಾ ಮಾತು ತೊದಲೋಕೆ ಶುರುವಾದರೆ ಒಂದು ಲೋಟ ಬಿಸಿನೀರು, ಬಿಸಿನೀರು ತುಂಬಿದ ಬಾಟಲಿ ಅವರನ್ನ ಉಳಿಸಬಹುದು. ಆ ನೀರು ಕಾಯಬೇಕಾದರೆ ಮೊದಲ ಕಿಡಿ ಬೀಳಬೇಕು. ನಾನು ಈ ಸಣ್ಣ ಸಾಮಾನಿಗೆ ಇಷ್ಟು ಹೊತ್ತು ಮಾತಾಡಿದ್ದು ಆ ಒಂದು ಗಳಿಗೆಗಾಗಿ. ಖಾಲಿಯಾದ ಲೈಟರನ್ನೂ ಅಲ್ಲಿ ಎಸೀಬೇಡಿ, ವಾಪಸ್ ತನ್ನಿ.

— ಸರಿ. ಡೆಹ್ರಾಡೂನಿನಲ್ಲಿ ಗಟ್ಟಿ ಮೈಯ ಚಕ್ರದ ಲೈಟರ್ ಎರಡು, ಇಬ್ಬರ ಒಳಜೇಬಿನಲ್ಲಿ. ಟ್ಯೂಬಿನ ಬಳೆ ಇಲ್ಲಿಂದ. ಕರ್ಪೂರ, ಬೆಂಕಿಪೊಟ್ಟಣ ಅಲ್ಲಿ. ಜೆಟ್ ಬೇಡ. ಕ್ಯಾಂಪ್‌ಫೈರ್ ಇಲ್ಲ ಅಂತ ಗೆಳೆಯರಿಗೆ ಇವತ್ತೇ ಹೇಳ್ತೀನಿ.

— ಇನ್ನೊಂದು ಕೆಲಸ ಸೇರಿಸಿಕೋ. ಹೊರಡೋ ಮೊದಲಿನ ಭಾನುವಾರ ನಾಲ್ಕೂ ಜನ ಒಂದು ಕಡೆ ಸೇರಿ. ಬಕೆಟ್ ನೀರಲ್ಲಿ ಇಂಥದ್ದೇ ಒಂದು ಲೈಟರ್ ಮುಳುಗಿಸಿ, ಹೊರಗೆ ತೆಗೆದು, ಒಬ್ಬೊಬ್ಬರೂ ಅದನ್ನ ಒಣಗಿಸಿ ಹೊತ್ತಿಸಿ ನೋಡಿ. ಖಾಲಿ ಲೈಟರಿನ ಕಿಡಿಯಲ್ಲಿ ಬಯಲಲ್ಲೇ ಸ್ಟೋವ್ ಹತ್ತಿಸಿ ನೋಡಿ. ಅಲ್ಲಿ ಬೆರಳು ಮರಗಟ್ಟೋದು ಯಾರದ್ದು ಅಂತ ಈಗಲೇ ಹೇಳೋಕಾಗೋದಿಲ್ಲ. ನಿನಗೊಬ್ಬಳಿಗೆ ಗೊತ್ತಿದ್ದು, ನಿನ್ನ ಕೈಯೇ ಮರಗಟ್ಟಿದರೆ, ಎಷ್ಟು ಒಳ್ಳೇ ಲೈಟರ್ ಇದ್ದೂ ಏನು ಬಂತು? ನಾಲ್ಕು ಜನಕ್ಕೂ ಬರಬೇಕು.